ಎಲೆ ಮಗುಚಿ ನೋಡದೆ ಹೆಸರು ಹೇಳಬೇಡಿ

“ಎಲೆಯ ಹಿಂಬದಿ ಎಲ್ಲಿ?” ಎಂದು ಕೇಳಿದಳು ಪಕ್ಕದ ಮನೆಯ ಹುಡುಗಿ. ಊರಿಂದ ಬಂದಿದ್ದ ನೆಂಟರು ಅಲಾಸ್ಕಾದ ಡೆನಾಲಿ ಹೆದ್ದಾರಿಯ ಬದಿಯಲ್ಲಿ ತೆಗೆದ ಗುಲಾಬಿ ಬಣ್ಣದ ಹೂಗಳ ಫೋಟೋಗಳನ್ನು ತೋರಿಸುತ್ತಿದ್ದರು. ಚೆಂದದ ಚಿತ್ರಗಳೇ, ಆದರೆ ಎಲ್ಲವೂ ಮೇಲಿನಿಂದ ತೆಗೆದವು. ಹುಡುಗಿಯ ಅಜ್ಜಿ ಇಲ್ಲಿನ ಮೂಲನಿವಾಸಿಗಳಾದ ಇನುಪಿಯಾಕ್ ಸಮುದಾಯದವರು. ಗಡ್ಡೆ ಬೇರು ಅಗೆದು ತಿನ್ನುವ ಮನೆಯ ಮಕ್ಕಳಿಗೆ ಹೂವಿನ ಚೆಂದಕ್ಕಿಂತ ಮೊದಲು ಎಲೆಯ ಗುರುತು ಬೇಕು.

ಅಲಾಸ್ಕಾದ ನದಿಗಳ ಜಲ್ಲಿ ದಂಡೆಗಳಲ್ಲಿ ಬಟಾಣಿ ಕುಟುಂಬದ ಎರಡು ಗಿಡಗಳು ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಒಂದು ಹೆಡಿಸಾರಮ್ ಆಲ್ಪೈನಮ್. ಇನುಪಿಯಾಕರು ಇದನ್ನು ಮಸು ಎನ್ನುತ್ತಾರೆ, ಇದರ ಬೇರನ್ನು ಸೀಲ್ ಎಣ್ಣೆಯಲ್ಲಿ ಕಾಪಿಡುತ್ತಾರೆ. ಕರಡಿಗಳಿಗೂ ಇದು ಬಲು ಇಷ್ಟ. ಇನ್ನೊಂದು ಹೆಡಿಸಾರಮ್ ಮೆಕೆಂಝಿಯೈ, ಇದರ ಬೇರನ್ನು ಜನ ತಿನ್ನಲು ಅಗೆಯುವುದಿಲ್ಲ. ಇದು ವಿಷ ಎಂಬ ಹಳೆಯ ಎಚ್ಚರಿಕೆ ಪ್ರಯೋಗಾಲಯದಲ್ಲಿ ಖಚಿತವಾಗಿಲ್ಲ, ಹಾಗೆಂದು ತಿಂದು ಪರೀಕ್ಷಿಸುವ ವಿಷಯವೂ ಅಲ್ಲ. ಬೇರು ತಿನ್ನಬಹುದಾದ ಆಲ್ಪೈನಮ್‌ನ ಬೀಜದಲ್ಲೇ ಕೆನವನೀನ್ ಎಂಬ ವಿಷಕಾರಿ ಅಮೈನೋ ಆಮ್ಲ ಇರುವುದು 2015ರಲ್ಲಿ ಪ್ರಕಟವಾಯಿತು.

ಇವೆರಡನ್ನು ಬೇರೆ ಮಾಡುವ ನಂಬಿಕಸ್ಥ ಗುರುತು ಎಲೆಯ ಕೆಳಮೈಯಲ್ಲಿದೆ. ಕಾಂಡದ ನಡುಭಾಗದ, ಪೂರ್ತಿ ಬಲಿತ, ಹಸಿಯಾದ ಎಲೆಯೊಂದನ್ನು ಕೀಳದೆ ಹಾಗೆಯೇ ಮಗುಚಿ. ಕಿರುಎಲೆಗಳ ನಡುನರದಿಂದ ಅಂಚಿನ ಕಡೆ ಓಡುವ ಪಕ್ಕದ ನರಗಳು ಎದ್ದು ಕಂಡರೆ ಅದು ಆಲ್ಪೈನಮ್. ನಡುನರ ಬಿಟ್ಟು ಮಿಕ್ಕೆಲ್ಲ ನುಣುಪಾಗಿ, ನರಗಳು ಹೂತುಹೋದಂತಿದ್ದರೆ ಮೆಕೆಂಝಿಯೈ. ಎಳೆ ಚಿಗುರಿನಲ್ಲಿ ಮತ್ತು ಮುದುಡಿ ಒಣಗಿದ ಎಲೆಯಲ್ಲಿ ಈ ಗುರುತನ್ನು ನಂಬಬಾರದು.

ಹೂ ಇದ್ದರೆ ಇನ್ನೆರಡು ಸಾಕ್ಷಿ ಸಿಗುತ್ತವೆ. ಆಲ್ಪೈನಮ್‌ನ ಹೂ ಸಣ್ಣದು, ಒಂದೂವರೆ ಸೆಂಟಿಮೀಟರ್ ದಾಟುವುದು ಕಡಿಮೆ. ಬಣ್ಣ ತಿಳಿ, ಗೊಂಚಲು ಉದ್ದ. ಮೆಕೆಂಝಿಯೈ ಹೂ ದೊಡ್ಡದು, ಕಡುಗುಲಾಬಿ, ಗೊಂಚಲು ಮೋಟು, ಪರಿಮಳ ಜೋರು. ಆದರೆ ಬಣ್ಣ ಬಿಸಿಲಿಗೆ ಮಾಸುತ್ತದೆ, ಮೊಬೈಲ್ ಕ್ಯಾಮೆರಾ ಅದನ್ನು ಇನ್ನಷ್ಟು ಕೆಡಿಸುತ್ತದೆ. ಅದಕ್ಕಿಂತ ಪುಷ್ಪಪಾತ್ರೆಯ, ಅಂದರೆ ಹೂವಿನ ಬುಡವನ್ನು ಹಿಡಿದಿರುವ ಬಟ್ಟಲಿನ, ಅಂಚಿನ ಹಲ್ಲು ನೋಡುವುದು ಮೇಲು: ಆಲ್ಪೈನಮ್‌ನಲ್ಲಿ ಅವು ಗಿಡ್ಡ ತ್ರಿಕೋನಗಳು, ಕೆಳಗಿನ ಕೊಳವೆಗಿಂತ ಚಿಕ್ಕವು. ಮೆಕೆಂಝಿಯೈನಲ್ಲಿ ಸೂಜಿಯಂತೆ ಚೂಪಾಗಿ ಕೊಳವೆಯಷ್ಟೇ ಅಥವಾ ಅದಕ್ಕಿಂತ ಉದ್ದ ಇರುತ್ತವೆ.

ಎಲೆಯ ಮೇಲೆ ಇಷ್ಟೊಂದು ಒತ್ತು ಯಾಕೆಂದರೆ, ಬೇರು ಅಗೆಯುವುದು ಹಿಮ ಬಿದ್ದ ಮೇಲೆ ಇಲ್ಲವೇ ವಸಂತದಲ್ಲಿ ಹಸಿರು ಮೂಡುವ ಮುಂಚೆ. ಆಗ ಹೂವೂ ಇರುವುದಿಲ್ಲ, ಒಳ್ಳೆಯ ಎಲೆಯೂ ಇರುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೇ ಎಲೆ ಮಗುಚಿ ನೋಡಿ ಜಾಗ ಗುರುತಿಟ್ಟುಕೊಳ್ಳಬೇಕು.

ಇದನ್ನೆಲ್ಲ ನೋಡುವಾಗ ನಮ್ಮ ಘಟ್ಟದ ಗುರಿಗೆ, ಅಂದರೆ ಕುರಿಂಜಿ, ನೆನಪಾಗುತ್ತದೆ. ಬೇರೆ ಬೇರೆ ಜಾತಿಯ ಗುರಿಗೆಗಳು ಬೇರೆ ಬೇರೆ ಅಂತರದಲ್ಲಿ ಅರಳುತ್ತವೆ. ಆದರೂ ಯಾವುದು ಅರಳಿದರೂ “ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ” ಎಂದು ಫೋಟೋಗಳು ಹರಿದಾಡುತ್ತವೆ, ಜನ ಗುಡ್ಡ ಹತ್ತಿ ಅದನ್ನೇ ತುಳಿದು ಬರುತ್ತಾರೆ. ನಮ್ಮಲ್ಲಿ ಹೂವಿನ ಮೇಲೆ ಪ್ರೀತಿ ಧಾರಾಳ, ಗಿಡದ ಮೇಲೆ ಗಮನ ಕಡಿಮೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಟಂಡ್ರಾದ, ಅಂದರೆ ಮರಗಳಿಲ್ಲದ ಶೀತ ಬಯಲಿನ, ಡ್ರಯಾಸ್ ಕೂಡ ಎಲೆಯಿಂದಲೇ ಗುರುತು ಹಿಡಿಯಬೇಕಾದ ಗಿಡ. ನೆಲಕ್ಕೆ ಚಾಪೆಯಂತೆ ಹರಡಿ, ಸಾಮಾನ್ಯವಾಗಿ ಎಂಟು ದಳದ ಬಿಳಿ ಹೂ ಬಿಡುತ್ತದೆ. ಸ್ಕ್ಯಾಂಡಿನೇವಿಯಾದ ಕೆರೆಗಳ ಹಳೆಯ ಕೆಸರಿನಲ್ಲಿ ಸಿಕ್ಕ ಇದರ ಎಲೆಗಳಿಂದಲೇ, ಸುಮಾರು 12,900ರಿಂದ 11,700 ವರ್ಷಗಳ ಹಿಂದಿನ ಶೀತ ಕಾಲಕ್ಕೆ ‘ಯಂಗರ್ ಡ್ರಯಾಸ್’ ಎಂಬ ಹೆಸರು ಬಂತು. ಆಕ್ಟೊಪೆಟಾಲಾ ಜಾತಿಯ ಎಲೆಯಂಚಿನ ಉದ್ದಕ್ಕೂ ದುಂಡನೆಯ ಹಲ್ಲುಗಳಿರುತ್ತವೆ. ಇಂಟೆಗ್ರಿಫೋಲಿಯಾದ ಎಲೆ ಕಿರಿದು, ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ಹಲ್ಲುಗಳು ಇದ್ದರೂ ಬುಡದ ಬಳಿ ಒಂದೆರಡು ಮಾತ್ರ. ಮಡಚಿದ ಅಂಚು ಹಲ್ಲುಗಳನ್ನು ಮುಚ್ಚಿ ಮೋಸ ಮಾಡುವುದುಂಟು, ಉಗುರಿನಿಂದ ಮೆಲ್ಲಗೆ ಬಿಡಿಸಿ ನೋಡಿ. ಆಮೇಲೆ 10 ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಕೆಳಗಿನ ನಡುನರ ನೋಡಿ. ಕಂದು ಬಣ್ಣದ, ಗರಿಯಂತೆ ಕವಲೊಡೆದ ರೋಮಗಳಿದ್ದರೆ ಆಕ್ಟೊಪೆಟಾಲಾ ಕಡೆಗೆ ವಾಲಬಹುದು. ಹಳದಿ ಹೂ ತಲೆ ತಗ್ಗಿಸಿ ಪೂರ್ತಿ ಅರಳದೆ ನಿಂತಿದ್ದರೆ ಅದು ಡ್ರಮಂಡೈ ಎಂಬ ಇನ್ನೊಂದು ಜಾತಿ, ಅದಕ್ಕೆ ಮಸೂರ ಬೇಡ.

ಬಿಳಿ ಹೂವಿನ ಎರಡೂ ಜಾತಿಗಳು ಸೇರುವ ಇಳಿಜಾರುಗಳಲ್ಲಿ ಮಿಶ್ರತಳಿಗಳು ಹುಟ್ಟುತ್ತವೆ: ಹಲ್ಲು ಅರ್ಧ ಅಂಚಿನವರೆಗೆ, ರೋಮ ಅಲ್ಲೊಂದು ಇಲ್ಲೊಂದು. ಅಂಥದ್ದಕ್ಕೆ ಬಲವಂತದ ಹೆಸರು ಕಟ್ಟಬಾರದು. ‘ಡ್ರಯಾಸ್, ಮಿಶ್ರತಳಿ ಇರಬಹುದು’ ಎಂದು ಬರೆದು, ಎಲೆಯ ಎರಡೂ ಬದಿಯ ಫೋಟೋ, ತಾರೀಖು ಮತ್ತು ಜಾಗದ ಎತ್ತರವನ್ನು ಜೊತೆಗಿಡಿ.