ಓಟಿಪಿ ಬರದೆಯೂ ದುಡ್ಡು ಹೋಗುತ್ತದೆ: ಆಧಾರ್ ಬೆರಳಚ್ಚಿಗೆ ಬೀಗ ಹಾಕಿ

ಓಟಿಪಿ ಯಾರಿಗೂ ಹೇಳಬಾರದು ಅನ್ನುವುದು ಈಗ ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಓಟಿಪಿಯನ್ನೇ ಕೇಳದೆ ನಿಮ್ಮ ಖಾತೆಯಿಂದ ಹಣ ತೆಗೆಯುವ ದಾರಿಯೊಂದಿದೆ. ಅದು ಎಇಪಿಎಸ್, ಆಧಾರ್ ಮೂಲಕ ನಡೆಯುವ ಪಾವತಿ ವ್ಯವಸ್ಥೆ. ಬ್ಯಾಂಕಿನ ಪರವಾಗಿ ಊರಿನಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರರ ಬಳಿಯಿರುವ ಮೈಕ್ರೋ ಎಟಿಎಂ ಎಂಬ ಪುಟ್ಟ ಯಂತ್ರದಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಕೊಟ್ಟರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ನಗದು ಸಿಗುತ್ತದೆ. ಕಾರ್ಡ್ ಬೇಡ, ಪಿನ್ ಬೇಡ. ಬ್ಯಾಂಕ್ ಶಾಖೆ ದೂರವಿರುವ ಊರಿನ ವೃದ್ಧರಿಗೆ ಇದರಿಂದ ನಿಜವಾದ ಉಪಕಾರವಾಗಿದೆ. ಹಾಗಾಗಿ ವ್ಯವಸ್ಥೆಯೇ ತಪ್ಪು ಎಂದು ನಾನು ಹೇಳುವುದಿಲ್ಲ. ಅದನ್ನು ಬಳಸದವರ ಖಾತೆಯೂ ಅದಕ್ಕೆ ತೆರೆದೇ ಇರುತ್ತದೆ ಅನ್ನುವುದೇ ತೊಂದರೆ.

ಕಳ್ಳರಿಗೆ ಬೆರಳಚ್ಚು ಎಲ್ಲಿಂದ ಸಿಗುತ್ತದೆ? ಆಸ್ತಿಯ ಕ್ರಯಪತ್ರದಲ್ಲಿ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಹೆಬ್ಬೆಟ್ಟು ಎಲ್ಲವೂ ಒಟ್ಟಿಗೆ ಇರುತ್ತಿದ್ದವು. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಒಬ್ಬಾತ ನೋಂದಣಿ ಇಲಾಖೆಯ ಜಾಲತಾಣದಿಂದ ಇಂಥ ದಾಖಲೆಗಳನ್ನು ಇಳಿಸಿಕೊಂಡು, ರಬ್ಬರ್ ಸ್ಟಾಂಪ್ ಮಾಡುವ ಪಾಲಿಮರ್‌ನಲ್ಲಿ ಬೆರಳಚ್ಚಿನ ನಕಲು ತೆಗೆದು ಸಿಮ್ ಚಾಲೂ ಮಾಡಿಸಿ ಸಿಕ್ಕಿಬಿದ್ದ. 2023ರಲ್ಲಿ ಕರ್ನಾಟಕದಲ್ಲೂ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದ ಕೆಲದಿನಗಳಲ್ಲೇ ಖಾತೆಯಿಂದ ಹಣ ಹೋಯಿತು ಎಂಬ ದೂರುಗಳು ಬಂದವು. ಆಮೇಲೆ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ ಪೋರ್ಟಲ್‌ನ ದಾಖಲೆಗಳಲ್ಲಿ ಬೆರಳಚ್ಚು ಕಾಣದಂತೆ ಮುಚ್ಚುವ ಕ್ರಮ ಕೈಗೊಂಡರು. ಆದರೆ ಅಷ್ಟರೊಳಗೆ ಹೊರಬಿದ್ದ ಪ್ರತಿಗಳನ್ನು ಯಾರೂ ವಾಪಸ್ ತರಲಾರರು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು.

ಅದಕ್ಕೇ ಬೀಗ. ಮೈಆಧಾರ್ ಜಾಲತಾಣಕ್ಕೆ ಹೋಗಿ, ಆಧಾರ್ ಸಂಖ್ಯೆ ಮತ್ತು ಮೊಬೈಲ್‌ಗೆ ಬರುವ ಓಟಿಪಿ ಕೊಟ್ಟು ಒಳಹೊಕ್ಕರೆ ‘ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್’ ಎಂಬ ಆಯ್ಕೆ ಸಿಗುತ್ತದೆ. ಒಪ್ಪಿಗೆಯ ಚೌಕಕ್ಕೆ ಗುರುತು ಹಾಕಿ ಮುಂದುವರಿದರೆ ಕೆಲಸ ಮುಗಿಯಿತು. ಶುಲ್ಕವಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಹಳೆಯದಾಗಿದ್ದರೆ ಓಟಿಪಿಯೇ ಬರುವುದಿಲ್ಲ. ಅಂಥವರು ಮೊದಲು ನಂಬರ್ ಬದಲಾಯಿಸಿಕೊಳ್ಳಬೇಕು, ಅದನ್ನು ಆಧಾರ್ ಕೇಂದ್ರದಲ್ಲಿ ಮಾಡಿಸಬಹುದು.

ಬೀಗ ಹಾಕಿದ ಮೇಲೆ ಬೆರಳಚ್ಚಷ್ಟೇ ಅಲ್ಲ, ಕಣ್ಣಿನ ಪಾಪೆ ಮತ್ತು ಮುಖದ ಗುರುತೂ ನಡೆಯುವುದಿಲ್ಲ. ಯಂತ್ರ 330 ಎಂಬ ದೋಷಸಂಖ್ಯೆ ತೋರಿಸುತ್ತದೆ. ಜನ ಎಡವುವುದು ಇಲ್ಲೇ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ‘ಮ್ಯಾಚ್ ಆಗ್ತಿಲ್ಲ’ ಅಂದರೆ ಬೆರಳು ಸವೆದಿದೆ ಅಂದುಕೊಂಡು ಮತ್ತೆ ಮತ್ತೆ ಒತ್ತುತ್ತಾರೆ. ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕೂ ಇದೇ ಗೋಳು. ಅಂಥ ಕೆಲಸವಿದ್ದಾಗ ತಾತ್ಕಾಲಿಕವಾಗಿ ತೆರೆಯುವ ಆಯ್ಕೆ ಬಳಸಿ. 10 ನಿಮಿಷದ ನಂತರ ಬೀಗ ತಾನಾಗಿಯೇ ಬೀಳುತ್ತದೆ. ಆದ್ದರಿಂದ ಸರತಿಯಲ್ಲಿ ನಿಂತಾಗಲೇ ತೆರೆಯಬೇಡಿ, ನಿಮ್ಮ ಪಾಳಿ ಬಂದಾಗ ತೆರೆಯಿರಿ. ಮನೆಯ ಹಿರಿಯರ ಆಧಾರ್‌ಗೆ ನೀವು ಬೀಗ ಹಾಕಿಕೊಟ್ಟಿದ್ದರೆ ಅದನ್ನು ಅವರಿಗೆ ತಿಳಿಸಿರಿ. ಇಲ್ಲದಿದ್ದರೆ ಪಡಿತರವಿಲ್ಲದೆ ಮರಳಿ ಬರುತ್ತಾರೆ.

ಅದೇ ಜಾಲತಾಣದಲ್ಲಿ ‘ಅಥೆಂಟಿಕೇಶನ್ ಹಿಸ್ಟರಿ’ ಕೂಡ ಇದೆ. ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು, ಸಫಲವೋ ವಿಫಲವೋ ಎಂದು ದಿನಾಂಕ, ಸಮಯದ ಸಮೇತ ತೋರಿಸುತ್ತದೆ. ನೀವು ಎಲ್ಲೂ ಹೆಬ್ಬೆಟ್ಟು ಒತ್ತದ ದಿನ ವಿಫಲ ಪ್ರಯತ್ನಗಳ ಸಾಲು ಕಂಡರೆ ಯಾರೋ ಕೈಯಾಡಿಸುತ್ತಿದ್ದಾರೆ ಅಂತ ಅರ್ಥ.

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 2017ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕರದ್ದೂ ಬ್ಯಾಂಕಿನದ್ದೂ ಅಲ್ಲದೆ ಬೇರೆಡೆ ಆಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಹೊಣೆ ಬೀಳುವುದಿಲ್ಲ. 4ರಿಂದ 7 ದಿನವಾದರೆ ಖಾತೆಯ ಬಗೆ ನೋಡಿ ಒಂದು ಮಿತಿಯವರೆಗೆ ನಷ್ಟ ನಿಮ್ಮದೇ. ಕೌಂಟರಿನಲ್ಲಿ ‘ನೀವೇ ಓಟಿಪಿ ಕೊಟ್ಟಿರಬೇಕು’ ಅಂದರೆ, ಎಇಪಿಎಸ್‌ಗೆ ಓಟಿಪಿ ಇಲ್ಲವೆಂದು ಗಟ್ಟಿಯಾಗಿ ಹೇಳಿ, ಪಾಸ್‌ಬುಕ್ಕಿನಲ್ಲಿ ಆ ವಹಿವಾಟಿನ ಸಾಲನ್ನು ತೋರಿಸಿ.

ಇನ್ನು ಆಧಾರ್ ಪ್ರತಿ ಇಸಿದುಕೊಳ್ಳುವ ಲಾಡ್ಜ್, ಪಿಜಿ, ಸಹಕಾರ ಸಂಘ, ಲೆಕ್ಕಪರಿಶೋಧಕರ ಕಚೇರಿಗಳ ಮಾತು. ಇವರ ಹೊಣೆ ಗ್ರಾಹಕರದ್ದಕ್ಕಿಂತ ಹೆಚ್ಚು ಅಂತಲೇ ನನ್ನ ಅಭಿಪ್ರಾಯ. ಇವನ್ನು ನಡೆಸುವವರೇ, ಗುರುತಿಗಷ್ಟೇ ಬೇಕಾದರೆ ಮೊದಲ 8 ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಕೇಳಿ ಪಡೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿಗಳು ಮಾಲೀಕರ, ಗುಮಾಸ್ತರ, ಪಾಳಿ ಬದಲಾದ ಹುಡುಗರ ಮೊಬೈಲ್‌ಗಳಲ್ಲೆಲ್ಲ ಉಳಿದಿರುತ್ತವೆ. ಚಾಟ್‌ನಿಂದ ತೆಗೆದರೂ ಗ್ಯಾಲರಿಯಲ್ಲಿ ಇನ್ನೊಂದು ಪ್ರತಿ ಇರಬಹುದು, ಅದನ್ನೂ ಅಳಿಸಿ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂಬ ಧೈರ್ಯ ಬೇಡ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ ಸೇರಿದರೆ ಅದೇ ಪಾಸ್‌ವರ್ಡ್. ಆ ಎರಡೂ ವಿವರ ನಿಮ್ಮ ಕಚೇರಿಯ ರಿಜಿಸ್ಟರ್‌ನಲ್ಲೇ ಬರೆದಿರುತ್ತವೆ.