ಲಿಂಬೆ ಗಿಡದ ಕೋಲುಜೇನು

2025 ಮಾರ್ಚ್ 16, ಭಾನುವಾರ
ಬದಿಯಡ್ಕ ಹತ್ತಿರ, ಕಾಸರಗೋಡು ಜಿಲ್ಲೆ

ದೋಸೆ ಹೊಯ್ದು ಮುಗಿಸಿ ಬಚ್ಚಲಿನ ಹಿಂದೆ ಹೋದಾಗ ಲಿಂಬೆ ಗಿಡದ ಖಾಲಿ ಎರಿಯ ಮೇಲೆ, ಅಂದರೆ ಮೇಣದ ಜೇನುಹುಟ್ಟಿನ ಮೇಲೆ, ಏಳೆಂಟು ಹುಳ ಕೂತಿದ್ದವು. ಬುಧವಾರ ಬಿಟ್ಟು ಹೋದ ಕೋಲುಜೇನು ತಿರುಗಿ ಬಂತೆಂದು ಖುಷಿಯಾಗಿ ಅತ್ತೆಯನ್ನು ಕೂಗಿಯೂ ಬಿಟ್ಟೆ. ಹತ್ತಿರ ಹೋಗಿ ನೋಡಿದರೆ ವಿಷಯ ಬೇರೆ. ಒಂದೊಂದು ಹುಳವೂ ಎರಿಯ ಅಂಚನ್ನು ಕಚ್ಚಿ ಕಚ್ಚಿ ಕಿತ್ತು, ಬಾಯಿಯಲ್ಲಿ ನಾದಿ, ಮುಂಗಾಲಿನಿಂದ ನಡುಗಾಲಿಗೆ, ನಡುಗಾಲಿನಿಂದ ಹಿಂಗಾಲಿಗೆ ದಾಟಿಸಿ ಅಂಟಿಸಿಕೊಳ್ಳುತ್ತಿತ್ತು. ಹೂವಿನ ಪರಾಗ ಒಯ್ಯುವ ಅದೇ ಬುಟ್ಟಿಯಲ್ಲಿ ಈ ಸಲ ಕಂದು ಬಣ್ಣದ ಮೇಣ. ಹಳೆ ಮನೆಯ ಮರಮಟ್ಟು ಬಿಚ್ಚಿ ಹೊಸ ಮನೆಗೆ ಸಾಗಿಸುತ್ತಿದ್ದವು.

ಒಗೆಯುವ ಕಲ್ಲಿನ ಮೇಲೆ ಕೂತವಳು ಮಧ್ಯಾಹ್ನದ ಅಡಿಗೆಗೆ ಎದ್ದದ್ದು ಬಿಟ್ಟರೆ ಸಂಜೆಯವರೆಗೂ ಅಲ್ಲೇ ಇದ್ದೆ. ಇದನ್ನು ಇವತ್ತೇ ಬರೆದಿಡಬೇಕು.

ಮೊದಲು ಕಂಡದ್ದು ಜನವರಿ 12ಕ್ಕೆ. ಸಾರಿಗೆ ಲಿಂಬೆ ಕೊಯ್ಯಲು ಕೈ ಹಾಕಿದವಳು ಅಲ್ಲೇ ನಿಂತೆ. ಎದೆಯ ಎತ್ತರದಲ್ಲಿ, ಬೆರಳು ದಪ್ಪದ ಗೆಲ್ಲಿಗೆ ಒಂದು ಮುಷ್ಟಿ ಹುಳ ಜೋತುಬಿದ್ದಿತ್ತು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗಿಂತ ಎಷ್ಟೋ ಸಣ್ಣದು, ಒಂದು ಸೆಂಟಿಮೀಟರ್ ಕೂಡ ಇಲ್ಲ. ಹೊಟ್ಟೆಯ ಮೊದಲೆರಡು ಪಟ್ಟಿ ಇಟ್ಟಿಗೆ ಕೆಂಪು, ಅದರ ಹಿಂದೆ ಕಪ್ಪು, ಕಪ್ಪಿನ ಮೇಲೆ ಬೆಳ್ಳಿಯ ಹಾಗೆ ಬಿಳಿ ಗೆರೆ. ಅತ್ತೆ ಕೋಲೂರಿಕೊಂಡು ಬಂದು ನೋಡಿ ಒಂದೇ ಮಾತು ಹೇಳಿದರು: "ಅದರ ಮುಟ್ಟೆಡ. ಅದು ಅದರಷ್ಟಕೆ ಇದ್ದು, ಆರಿಂಗೂ ಉಪದ್ರ ಇಲ್ಲೆ." ಅವತ್ತಿನಿಂದ ನಮ್ಮ ಮನೆಯಲ್ಲಿ ಲಿಂಬೆ ಕೊಯ್ಯುವುದು ಗಿಡದ ಆಚೆ ಬದಿಯಿಂದ ಮಾತ್ರ.

ಕೋಲಿಗೆ ಕಟ್ಟುವುದರಿಂದ ಕೋಲುಜೇನು. ಕೆಲವರು ಕಡ್ಡಿಜೇನು ಎನ್ನುತ್ತಾರೆ. ಪಕ್ಕದ ಮನೆಯ ಮಲಯಾಳಿ ಚೇಚಿಯ ಬಾಯಲ್ಲೂ ಅದು ಕೋಲ್‌ತೇನ್. ಎರಡು ಭಾಷೆಯವರೂ ಒಂದೇ ಕೋಲನ್ನು ಕಂಡಿದ್ದಾರೆ. ಇದಕ್ಕೆ ಏಪಿಸ್ ಫ್ಲೋರಿಯ ಎಂದು 1787ರಲ್ಲಿ ವೈಜ್ಞಾನಿಕ ಹೆಸರಿಟ್ಟವನು ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್. ಆ ಹೆಸರಿನಲ್ಲಿರುವುದು ಹೂವು.

ತುಡುವೆಗೆ ಮರದ ಪೊಟರೆ ಇದೆ, ಹುತ್ತ ಇದೆ, ನಾವು ಇಟ್ಟ ಪೆಟ್ಟಿಗೆ ಇದೆ. ಕೋಲುಜೇನಿಗೆ ಗೋಡೆಯೂ ಇಲ್ಲ, ಮಾಡೂ ಇಲ್ಲ. ಒಂದೇ ಒಂದು ಎರಿ, ಅಂಗೈಯಷ್ಟು ಅಗಲ, ಬಯಲಿನಲ್ಲಿ. ಹಾಗಾದರೆ ಗೋಡೆ ಯಾವುದು? ಹುಳಗಳೇ. ಗೂಡಿನ ಸುಮಾರು ಮುಕ್ಕಾಲು ಪಾಲು ಕೆಲಸಗಾರ ನೊಣಗಳು ಒಂದರ ಕಾಲು ಒಂದು ಹಿಡಿದು, ತಲೆ ಮೇಲೆ ಮಾಡಿ, ಪದರ ಪದರವಾಗಿ ಎರಿಯನ್ನು ಮುಚ್ಚಿ ನಿಂತಿರುತ್ತವೆ. ಗಂಟೆಗಟ್ಟಲೆ ಅಲುಗದೆ. ಮೊದಮೊದಲು ಇವು ಏನೂ ಮಾಡದೆ ಸುಮ್ಮನೆ ಇವೆಯಲ್ಲ ಎಂದುಕೊಂಡಿದ್ದೆ. ಸುಮ್ಮನೆ ಇರುವುದೇ ಅವುಗಳ ಕೆಲಸ. ಮರಿಗಳಿಗೆ ಬಿಸಿಲು, ಗಾಳಿ, ಚಳಿ ತಾಗದಂತೆ ಮೈಯನ್ನೇ ಗೋಡೆ ಮಾಡಿ ನಿಲ್ಲುವುದು.

ಒಂದು ದಿನ ಭೂತಗನ್ನಡಿ ಹಿಡಿದು ತುಸು ಹೆಚ್ಚೇ ಬಗ್ಗಿದೆ. ನನ್ನ ಉಸಿರು ತಾಗಿರಬೇಕು. ಗುಂಪಿನ ಒಳಗಿಂದ ಒಂದೇ ಒಂದು ಹುಳ "ಪೀಂ" ಎಂದಿತು, ಸಣ್ಣ ಪೀಪಿಯ ಹಾಗೆ. ಅದು ಮುಗಿಯುವ ಮೊದಲೇ ಇಡೀ ಪರದೆ ಒಟ್ಟಿಗೆ "ಸ್ಸ್ಸ್" ಎಂದು ನಡುಗಿತು, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಒಬ್ಬಳು ಎಚ್ಚರಿಸುವುದು, ಉಳಿದವರು ಬುಸುಗುಡುವುದು. ಕೀಟಶಾಸ್ತ್ರದವರು ಇದನ್ನು ಧ್ವನಿಮುದ್ರಿಸಿಯೇ ಅಳೆದಿದ್ದಾರೆ. ಪೀಪಿಗೂ ಬುಸುಗುಟ್ಟುವುದಕ್ಕೂ ನಡುವೆ ಒಂದು ಸೆಕೆಂಡು ಹೊತ್ತೂ ಇಲ್ಲವಂತೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕಚ್ಚಲಿಲ್ಲ. ಎರಡು ತಿಂಗಳಲ್ಲಿ ನನಗೆ ಒಂದು ಸಲವೂ ಕಚ್ಚಲಿಲ್ಲ.

ಇನ್ನೊಂದು ದಿನ ಗೆಲ್ಲನ್ನು ಸರಿಸಲು ಹೋಗಿ ಬೆರಳು ಅಂಟಿತು. ಗೂಡಿನಿಂದ ಸ್ವಲ್ಪ ದೂರ, ಗೆಲ್ಲಿನ ಸುತ್ತ ಬಳೆಯ ಹಾಗೆ ಒಂದು ಪಟ್ಟಿ, ಹೊಳೆಯುವ ಕಂದು ಅಂಟು. ಗೂಡಿನ ಆಚೆ ಬದಿಯಲ್ಲೂ ಅಂಥದೇ ಒಂದು. ಗಿಡಮರಗಳ ರಾಳ ತಂದು ಇವು ಬಳಿಯುವ ಬೇಲಿ ಅದು. ಸೋಪಿಗೆ ಹೋಗಲಿಲ್ಲ, ಹಲಸಿನ ಸೊಳೆ ಬಿಡಿಸಿದಾಗಿನಂತೆ ತೆಂಗಿನೆಣ್ಣೆ ಹಚ್ಚಿ ತಿಕ್ಕಬೇಕಾಯಿತು. ಯಾರಿಗಾಗಿ ಈ ಬೇಲಿ ಎಂಬುದು ಪಟ್ಟಿಯಲ್ಲೇ ಗೊತ್ತಾಯಿತು: ಎರಡು ಚಗಳಿ, ಎಲೆ ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆ, ಕಾಲು ಹೂತು ಸತ್ತಿದ್ದವು. ಚಗಳಿಯ ಸಾಲು ಒಮ್ಮೆ ಒಳಹೊಕ್ಕರೆ ಮೊಟ್ಟೆ ಮರಿ ಏನೂ ಉಳಿಯುವುದಿಲ್ಲ. ಅಂಟು ಒಣಗಿದರೆ ಚಗಳಿ ದಾಟುತ್ತದೆ, ಅದಕ್ಕೇ ದಿನಾ ಎರಡು ಮೂರು ಹುಳ ಬಂದು ಹೊಸದಾಗಿ ಬಳಿದು ಹೋಗುತ್ತಿದ್ದವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೂಡಿನ ನೆತ್ತಿ. ಎರಿ ಗೆಲ್ಲನ್ನು ಸುತ್ತಿ ಮೇಲೆ ದಪ್ಪಗೆ ಉಬ್ಬಿ, ಅಂಗಳದ ಹಾಗೆ ಸಪಾಟಾಗಿರುತ್ತದೆ. ಜೇನು ತುಂಬಿಡುವುದು ಆ ಉಬ್ಬಿನಲ್ಲಿ. ಅದರ ಕೆಳಗೆ ಪರಾಗ, ಆಮೇಲೆ ಕೆಲಸಗಾರ ಮರಿಗಳು, ಇನ್ನೂ ಕೆಳಗೆ ಗಂಡುನೊಣದ ದೊಡ್ಡ ಕೋಣೆಗಳು, ತೀರಾ ಅಂಚಿಗೆ ರಾಣಿಯ ಕೋಣೆ. ಕುಣಿತ ಮಾತ್ರ ನೆತ್ತಿಯ ಅಂಗಳದಲ್ಲಿ. ತುಡುವೆ ಪೆಟ್ಟಿಗೆಯ ಕತ್ತಲೆಯಲ್ಲಿ ನೆಟ್ಟಗೆ ನಿಂತ ಎರಿಯ ಮೇಲೆ ಕುಣಿಯುತ್ತದೆ. ಸೂರ್ಯ ಇರುವ ದಿಕ್ಕೆಂದರೆ ಅದಕ್ಕೆ ಮೇಲ್ಮುಖ, ಉಳಿದ ಲೆಕ್ಕವೆಲ್ಲ ಅದರಿಂದ. ಕೋಲುಜೇನಿಗೆ ಆ ಲೆಕ್ಕ ಬೇಡ, ಆಕಾಶ ಕಣ್ಣೆದುರಿಗೇ ಇದೆ. ಹೂವು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೇ ಮುಖ ಮಾಡಿ ನಡುಗುತ್ತಾ ಓಡುತ್ತದೆ. ಜೇನಿನ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್‌ನ ಶಿಷ್ಯ ಮಾರ್ಟಿನ್ ಲಿಂಡೌವರ್ 1950ರ ದಶಕದಲ್ಲಿ ಸಿಲೋನಿಗೆ ಬಂದು ಇದನ್ನೇ ಕೂತು ನೋಡಿದ್ದ. ಫೆಬ್ರವರಿಯ ಒಂದು ಬೆಳಗ್ಗೆ ನಾನೂ ನೋಡಿದೆ. ಒಂದು ಹುಳ ಬಾಲದ ಕಡೆ ಎತ್ತಿ ಹಿಡಿದು, ಆಗ್ನೇಯಕ್ಕೆ ನಡುಗುತ್ತಾ ಓಡಿತು, ಸುತ್ತಿ ಬಂತು, ಮತ್ತೆ ಆಗ್ನೇಯಕ್ಕೆ. ತಲೆ ಎತ್ತಿ ಆ ಕಡೆ ನೋಡಿದೆ. ಗುಡ್ಡೆಯ ಗೇರು ಮರಗಳೆಲ್ಲ ಹೂ ಬಿಟ್ಟು ನಿಂತಿದ್ದವು. ಆ ಹುಳ ಹೇಳಿದ್ದು ನನಗೂ ತಿಳಿಯಿತು. ಕತ್ತಲೆಯಲ್ಲಿ ಕುಣಿಯುವ ತುಡುವೆ ಸದ್ದು ಮಾಡುತ್ತದೆ, ಇದು ಮಾಡುವುದಿಲ್ಲ. ಬೆಳಕಿನಲ್ಲಿ ನೋಡಿದರೇ ಸಾಕಲ್ಲ.

ಗಂಡುನೊಣಗಳು ಹೊರಡುತ್ತಿದ್ದುದು ನಮ್ಮ ಊಟದ ಹೊತ್ತಿಗೆ. ಕಪ್ಪು ಮೈ, ತಲೆ ತುಂಬ ಕಣ್ಣು, ಹಿಂಗಾಲಿನಲ್ಲಿ ಹೆಬ್ಬೆರಳಿನ ಹಾಗೆ ಒಂದು ಕವಲು, ಹಾರುತ್ತಲೇ ರಾಣಿಯನ್ನು ಹಿಡಿದುಕೊಳ್ಳಲು. ಶ್ರೀಲಂಕಾದಲ್ಲಿ ಗಮನಿಸಿದವರು ಹೇಳುವಂತೆ ಕೋಲುಜೇನಿನ ಗಂಡುಗಳಿಗೆ ಮಧ್ಯಾಹ್ನ, ತುಡುವೆಗೆ ಸಂಜೆ ನಾಲ್ಕರ ಮೇಲೆ, ಹೆಜ್ಜೇನಿಗೆ ಮುಸ್ಸಂಜೆ. ಮೂರು ಜಾತಿಯೂ ಒಂದೇ ಆಕಾಶವನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಂಡಿವೆ.

ಇನ್ನು ನನ್ನ ತಪ್ಪು. ಫೆಬ್ರವರಿ 18ಕ್ಕೆ ಅಂಗಳದ ಪಡುಬದಿಯ ಹಲಸಿನ ದೊಡ್ಡ ಗೆಲ್ಲು ಕಡಿಸಿದೆ. ವಿದ್ಯುತ್ ತಂತಿಗೆ ತಾಗುತ್ತಿತ್ತು, ಮಳೆಗಾಲಕ್ಕೆ ಮೊದಲು ಆಗಲೇಬೇಕಿತ್ತು, ಎಲ್ಲ ನಿಜ. ಲಿಂಬೆ ಗಿಡಕ್ಕೆ ಮಧ್ಯಾಹ್ನದ ನೆರಳು ಅದೇ ಗೆಲ್ಲಿನದು ಎಂದು ನನಗೆ ಹೊಳೆದದ್ದು ಗೆಲ್ಲು ನೆಲಕ್ಕೆ ಬಿದ್ದ ಮೇಲೆ. ಮರುದಿನ ಮೂರು ಗಂಟೆಗೆ ನೇರ ಬಿಸಿಲು ಗೂಡಿನ ಮೇಲೆ. ಒತ್ತಾಗಿದ್ದ ಪರದೆ ಸಡಿಲವಾಯಿತು. ಹುಳಗಳು ರೆಕ್ಕೆ ಬೀಸಿದವು, ನೀರು ತಂದು ಎರಿಗೆ ಸವರಿದವು. ನೀರಿಗಾಗಿ ಗುಡ್ಡೆಗೆ ಕೊರೆದ ನಮ್ಮ ಸುರಂಗದ ಬಾಯಿಯಲ್ಲಿ ಮುರಕಲ್ಲು ಸದಾ ಒದ್ದೆ ಇರುತ್ತದೆ. ಅಲ್ಲಿ ಸಾಲಾಗಿ ಕೂತು ನೀರು ಹೀರುವ ಸಣ್ಣ ಕೆಂಪು ಹುಳಗಳನ್ನು ಆ ವಾರ ಕಂಡೆ. ಹಳೆ ಸೀರೆಯೊಂದನ್ನು ಗಿಡದ ಮೇಲೆ ಅಡ್ಡ ಕಟ್ಟಿ ನೋಡಿದೆ. ಗಾಳಿಗೆ ಬಡಿದು ಅದೇ ಒಂದು ಉಪದ್ರವಾಯಿತು, ಬಿಚ್ಚಿದೆ.

ಹೊರಟದ್ದು ಮಾರ್ಚ್ 12ಕ್ಕೆ. ಗೆಲ್ಲು ಕಡಿಸಿ 22 ದಿನ. ಈ ಲೆಕ್ಕ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಇವುಗಳ ಮೊಟ್ಟೆ ಹುಳವಾಗಿ ಹೊರಬರಲು ಬೇಕಾಗುವುದು ಹೆಚ್ಚುಕಡಿಮೆ ಮೂರು ವಾರ. ಬಿಸಿಲು ಬಿದ್ದ ಕೂಡಲೇ ಎದ್ದು ಹೋಗಲಿಲ್ಲ. ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸಿರಬೇಕು, ಇಟ್ಟ ಮೊಟ್ಟೆಗಳು ಮಾತ್ರ ಹುಳವಾಗಿ ಹೊರಬರುವವರೆಗೆ ಉಳಿದವರು ಆ ಬಿಸಿಲಿನಲ್ಲೇ ಗೋಡೆಯಾಗಿ ನಿಂತರು. ಬುಧವಾರ ಹನ್ನೊಂದೂವರೆಗೆ ಪರದೆ ಬಿಚ್ಚಿಕೊಂಡಿತು, ಅಂಗಳದ ಮೇಲೆ ಒಂದು ಮೋಡ ಸುತ್ತಿತು, ಹಂಚಿನ ಮಾಡಿನ ಮೇಲಿಂದ ತೋಟದ ಕಡೆ ಹೋಯಿತು. ಎರಿಯಲ್ಲಿ ಒಂದು ಮರಿ ಇಲ್ಲ, ಒಂದು ಹನಿ ಜೇನಿಲ್ಲ. ದಾರಿಗೆಂದು ಎಲ್ಲ ಹೊಟ್ಟೆಗೆ ತುಂಬಿಕೊಂಡು ಹೋಗಿದ್ದವು.

ಕೆಲಸಕ್ಕೆ ಬರುವ ಅಣ್ಣ ಫೆಬ್ರವರಿಯಲ್ಲೇ ಕೇಳಿದ್ದರು, "ಅಕ್ಕೆ, ಗೆಲ್ಲ್ ಕಡ್ಪೊಡಾ? ಮರ್ದ್‌ದ ಜೇನ್." (ತುಳುವಿನಲ್ಲಿ: ಗೆಲ್ಲು ಕಡಿಯಬೇಕಾ? ಮದ್ದಿನ ಜೇನು.) ಮದ್ದಿನ ಜೇನೆಂದು ಇದಕ್ಕೆ ಬೆಲೆ ಹೆಚ್ಚು, ಗೆಲ್ಲು ಸಮೇತ ಕಡಿದು ತರುವವರು ನಮ್ಮಲ್ಲಿ ಇದ್ದಾರೆ. ಸಿಗುವುದು ಎಷ್ಟು? ಸಣ್ಣ ಗೂಡಿನಲ್ಲಿ ಒಂದೆರಡು ಕುಡ್ತೆ, ಅಂದರೆ ಒಂದೆರಡು ಲೋಟದಷ್ಟು. ಎರಿ ಹೋದರೆ ಮರಿಗಳೆಲ್ಲ ಹೋದವು. ಬೇಡ ಅಣ್ಣಾ ಎಂದೆ. ಅತ್ತೆಗೆ ಈ ವಿಷಯದಲ್ಲಿ ಹಟ ಇರುವುದಕ್ಕೆ ಕಾರಣವಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ವರ್ಷಗಳನ್ನು ಅವರು ಕಂಡವರು. 2000ದಲ್ಲಿ ಅದು ನಿಂತಿತು. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1994ರಲ್ಲಿ. ಆಮೇಲೆ ಎಷ್ಟೋ ವರ್ಷ ಈ ಅಂಗಳದಲ್ಲಿ ಕೋಲುಜೇನನ್ನು ನಾನು ಕಾಣಲೇ ಇಲ್ಲ. ಅತ್ತೆ ಹೂಗಿಡ ನೋಡಿ "ಒಂದು ಹುಳುದೆ ಇಲ್ಲೆ" ಎಂದು ಹೇಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

ಹೊಸ ಮನೆ ಎಲ್ಲೆಂದು ಇವತ್ತು ಸಿಕ್ಕಿತು. ಮೇಣ ಹೊತ್ತ ಹುಳ ಗಿಡದ ಮೇಲೆ ಒಂದು ಸುತ್ತು ಹಾಕಿ ಒಂದೇ ದಿಕ್ಕಿಗೆ ಹೋಗುತ್ತಿತ್ತು. ಆ ದಿಕ್ಕಿಗೆ ನಡೆದೆ, ಎಪ್ಪತ್ತು ಹೆಜ್ಜೆ. ತೋಟದ ಬದುವಾದ ಕಟ್ಟಪುಣಿಯ ಮೇಲಿನ ಕೇಪಳ ಪೊದೆಯಲ್ಲಿ, ಮಾವಿನ ನೆರಳಿನಲ್ಲಿ, ಅದೇ ಮುಷ್ಟಿ. ಪೊಟರೆ ಹುಡುಕುವ ತುಡುವೆಗೆ ಸರಿಯಾದ ಜಾಗ ಅಪರೂಪ, ಹುಡುಕುವವರೆಲ್ಲ ಒಂದೇ ಜಾಗಕ್ಕೆ ಒಪ್ಪಬೇಕು. ಕೋಲುಜೇನಿಗೆ ನೆರಳಿನ ಒಂದು ಗೆಲ್ಲು ಸಾಕು, ಹೊರಡುವಾಗಲೂ ಅವುಗಳ ಕುಣಿತ ಒಂದೇ ಜಾಗಕ್ಕೆ ನಿಲ್ಲುವುದಿಲ್ಲವಂತೆ. ಮೇಣ ಮಾತ್ರ ಸಸ್ತಾ ಅಲ್ಲ. ಒಂದು ಗ್ರಾಂ ಮೇಣ ಮೈಯಿಂದ ಸುರಿಸಲು ಅದರ ಎಷ್ಟೋ ಪಾಲು ಜೇನು ಕುಡಿಯಬೇಕು. ಹತ್ತಿರದಲ್ಲೇ ಕಟ್ಟಿದಾಗ ಹಳೆ ಮೇಣಕ್ಕೆ ತಿರುಗಿ ಬರುವುದು ಅದಕ್ಕೆ. ದೂರ ಹೋದರೆ ಬರುವುದಿಲ್ಲ, ಹಾರಾಟಕ್ಕೆ ತಗಲುವ ಜೇನೇ ಹೆಚ್ಚಾಗುತ್ತದೆ.

9:40ರಿಂದ 10:40ರ ಒಳಗೆ 31 ಹುಳ ಹೊತ್ತು ಹೋದದ್ದನ್ನು ಎಣಿಸಿದೆ. ಮಧ್ಯಾಹ್ನಕ್ಕೆ ಎರಿಯ ಕೆಳಗಿನ ಅರ್ಧ ಇರಲಿಲ್ಲ. ನಾಲ್ಕು ಗಂಟೆಗೆ ಗೆಲ್ಲನ್ನು ಸುತ್ತಿದ ನೆತ್ತಿಯ ತುಂಡು ಮಾತ್ರ, ಅದರ ಮೇಲೆ ಮೂರು ಹುಳ. ಹೊಸ ಅಂಟು ಬಳಿಯುವವರಿಲ್ಲದೆ ಆ ಕಂದು ಪಟ್ಟಿಯ ಹೊಳಪು ಹೋಗಿತ್ತು. ಚಗಳಿಯೊಂದು ಅದರ ಅಂಚಿಗೆ ಬಂದು ಮೀಸೆ ತಾಗಿಸಿ ನೋಡಿ, ಕಾಲಿಟ್ಟು, ದಾಟಿತು.

ಜಗಲಿಯಿಂದ ಅತ್ತೆ ಕೂಗಿದರು, "ಕೂಸೇ, ಮುಗುದತ್ತಾ?"

"ಇಲ್ಲೆ ಅತ್ತೆ, ಇನ್ನುದೆ ಚೂರು ಇದ್ದು."