ಮೊದಲ ಕೆಲಸ ಹೇಗೆ ಸಿಕ್ಕಿತು ಅಂತ ಕೇಳುವವರಿಗೆ: ಒಂದು ಮಳೆ ಕಾರ್ಡಿನ ಕಥೆ

"ಅಕ್ಕಾ, ಗ್ರಾಫಿಕ್ ಡಿಸೈನ್ ಕೋರ್ಸ್ ಮುಗೀತು. ಇನ್‌ಸ್ಟಾಗ್ರಾಂನಲ್ಲಿ ದಿನಾ ಹಾಕ್ತಿದ್ದೀನಿ. ಲೈಕ್ ಬರ್ತದೆ, ಕೆಲಸ ಬರಲ್ಲ. ನೀವು ಸಾಗರದಂಥ ಸಣ್ಣ ಊರಲ್ಲಿ ಕೂತು ಹೇಗೆ ಶುರು ಮಾಡಿದ್ರಿ?"

ಈ ಪ್ರಶ್ನೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಅರ್ಧಂಬರ್ಧ ಉತ್ತರ ಕೊಟ್ಟು ನನಗೂ ಸಾಕಾಗಿದೆ, ಅದಕ್ಕೆ ಈ ಸಲ ಪೂರ್ತಿ ಬರೆಯುತ್ತೇನೆ.

ಕೈಯಲ್ಲಿ ಏನಾದರೂ ಮಾಡಿ, ಅವರ ಕೈಗೇ ಕೊಟ್ಟು ಬನ್ನಿ. ಉತ್ತರ ಇಷ್ಟೇ. ಆದರೆ ಆ 'ಏನಾದರೂ' ಯಾವುದು ಅನ್ನುವುದರಲ್ಲೇ ನಾನು ಒಂದು ವರ್ಷ ಕಳೆದೆ.

ಮೊದಲು ಮಾಡಿದ್ದು ಅಡಿಕೆ ಹಾಳೆಯ ವಿಸಿಟಿಂಗ್ ಕಾರ್ಡ್. ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ, ದುಡ್ಡು ಕೊಡಬೇಕಿಲ್ಲ, ಮಲೆನಾಡಿನವಳು ಅಂತಲೂ ಗೊತ್ತಾಗುತ್ತದೆ. ಭಾರೀ ಐಡಿಯಾ ಅಂದುಕೊಂಡಿದ್ದೆ. ಹಾಳೆ ನೆನೆಸಿ, ಒರೆಸಿ, ರುಬ್ಬುಗುಂಡಿನ ಅಡಿ ಇಟ್ಟು ಚಪ್ಪಟೆ ಮಾಡಿ, ಕತ್ತರಿಸಿ, ರಬ್ಬರ್ ಕೆತ್ತಿ ಮಾಡಿದ ಅಚ್ಚಿನಲ್ಲಿ ಹೆಸರು, ನಂಬರ್ ಒತ್ತಿದೆ. ಹಾಳೆಗೆ ನಾರಿದೆ ಅಲ್ವಾ, ಇಂಕು ಆ ನಾರಿನ ಉದ್ದಕ್ಕೂ ಹರಿಯಿತು. ಒತ್ತಕ್ಷರಗಳೆಲ್ಲ ಕರಿ ಚುಕ್ಕೆ. ನಂಬರಿನಲ್ಲಿದ್ದ 3 ನೋಡಿದರೆ 8ರ ಹಾಗೆ ಕಾಣುತ್ತಿತ್ತು, ಯಾರಾದರೂ ಫೋನ್ ಮಾಡಿದ್ದರೆ ಅದು ಬೇರೆ ಯಾರಿಗೋ ಹೋಗಿರಬೇಕು. ಉಳಿದ ಕಾರ್ಡುಗಳು ಜುಲೈ ಹೊತ್ತಿಗೆ ಡಬ್ಬಿಯಲ್ಲೇ ಬೂಷ್ಟು ಹಿಡಿದವು.

ಬೂಷ್ಟಿಗಿಂತ ದೊಡ್ಡ ತಪ್ಪು ಬೇರೆ ಇತ್ತು. ಆ ಕಾರ್ಡ್ ಕೊಟ್ಟಾಗ ಎಲ್ಲರೂ "ಚೆನ್ನಾಗಿದೆ" ಅಂದರು, ಮೇಜಿನ ಡ್ರಾಯರಿಗೆ ಹಾಕಿದರು. ಅದರಿಂದ ಅವರಿಗೆ ಏನೂ ಆಗಬೇಕಿರಲಿಲ್ಲ. ಅದು ನನ್ನ ಬಗ್ಗೆ ಮಾತ್ರ ಇತ್ತು.

ಎರಡನೇ ವರ್ಷ ಯೋಚನೆ ಬಂದಿದ್ದು ಗೊಬ್ಬರ, ಔಷಧಿ ಮಾರುವ ಅಂಗಡಿಯೊಂದರಲ್ಲಿ. ಅಪ್ಪನ ಜೊತೆ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ತರಲು ಹೋಗಿದ್ದೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ. ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ, "ಆರಿದ್ರೆ ಯಾವತ್ತು ಹಿಡೀತದೆ ಮಾರಾಯ್ರೆ?" ಆರಿದ್ರೆ ಅಂದರೆ ಆರ್ದ್ರಾ ಮಳೆ, ನಮ್ಮಲ್ಲಿ ಮಳೆಗಳನ್ನು ನಕ್ಷತ್ರದ ಹೆಸರಿನಲ್ಲೇ ಎಣಿಸುವುದು. ಅಂಗಡಿಯವರು ಪ್ರತಿಸಲ ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಸಣ್ಣ ಅಕ್ಷರ ಹುಡುಕುತ್ತಿದ್ದರು.

ಅಲ್ಲೇ ಹೊಳೆಯಿತು. ಮೃಗಶಿರದಿಂದ ಹಸ್ತದವರೆಗೆ ಒಂಬತ್ತು ಮಳೆ. ಒಂದೊಂದು ಹದಿಮೂರು, ಹದಿನಾಲ್ಕು ದಿನ. ಜೂನ್ 7–8ಕ್ಕೆ ಶುರು. ಎ5 ಅಳತೆಯ ದಪ್ಪ ಕಾಗದದಲ್ಲಿ ಒಂಬತ್ತು ಸಾಲು, ಕೌಂಟರಿನ ಆಚೆಯಿಂದ ಓದುವಷ್ಟು ದೊಡ್ಡ ಅಕ್ಷರ, ಎದುರಿಗೆ ತಾರೀಖು. ಕೆಳಗೆ ಎರಡು ಖಾಲಿ ಚೌಕ: ಮೊದಲನೇ ಔಷಧಿ, ಎರಡನೇ ಔಷಧಿ. ಮೇಲೆ ಒಂದು ಕಂಬಳಿಕೊಪ್ಪೆಯ (ಮಳೆಗೆ ತಲೆ ಮೇಲಿಂದ ಹೊದೆಯುವ ಕಂಬಳಿ) ಚಿತ್ರ. ತೂತು ಹೊಡೆದು ಬಾಳೆನಾರಿನ ದಾರ. ನನ್ನ ಹೆಸರು, ನಂಬರ್ ಹಿಂದುಗಡೆ ಮಾತ್ರ. (ಈ ಸಲ 3 ಸರಿಯಾಗಿತ್ತು.)

ಲಿನೋ, ಅಂದರೆ ಅಚ್ಚು ಕೆತ್ತುವ ಮೆತ್ತನೆ ಹಲಗೆ, ಕೆತ್ತಿ ಎಣ್ಣೆ ಇಂಕಿನಲ್ಲಿ ಒತ್ತಿದೆ. ಮೇ ಮೊದಲ ವಾರವೇ ಮುಗಿಸಬೇಕಿತ್ತು, ಸೋಮಾರಿತನ ಮಾಡಿದೆ. ಮೋಡ ಕವಿದ ಮೇಲೆ ಆ ಇಂಕು ಒಣಗುವುದೇ ಇಲ್ಲ, ಮೂರು ದಿನವಾದರೂ ಬೆರಳಿಗೆ ಅಂಟುತ್ತದೆ. ಕೊನೆಗೆ ಬಚ್ಚಲೊಲೆಯ ಹತ್ತಿರ ಹಗ್ಗ ಕಟ್ಟಿ ನೇತು ಹಾಕಿದೆ. ಒಣಗಿತು, ಆದರೆ ಮೂವತ್ತು ಕಾರ್ಡಿಗೂ ಹೊಗೆ ವಾಸನೆ. ಒಬ್ಬ ಅಂಗಡಿಯವರು ಕಾರ್ಡನ್ನು ಮೂಗಿಗೆ ಹಿಡಿದು, "ಎಂತ ತಂಗಿ, ಇದನ್ನೂ ಅಟ್ಟದ ಮೇಲೆ ಒಣಗಿಸಿದ್ಯಾ?" ಅಂತ ನಕ್ಕರು. ನಕ್ಕು, ಆಗಲೇ ಮೊಳೆ ಹುಡುಕಿ ನೇತು ಹಾಕಿದರು.

ಮೂವತ್ತೇ ಮಾಡಿದ್ದು. ಇನ್ನೂರು ಮಾಡಿದರೆ ಕೊಡುವಾಗ ಮಾತಾಡಲು ಆಗುವುದಿಲ್ಲ, ಸುಮ್ನೆ ಹಂಚಿಬರುತ್ತೀರಿ. ನಾನು ಯಾರ ಕೆಲಸ ಮಾಡಲು ಇಷ್ಟವಿತ್ತೋ ಅವರಿಗೆ ಮಾತ್ರ ಕೊಟ್ಟೆ: ಔಷಧಿ ಅಂಗಡಿ, ಜೇನು ಮಾರುವವರು, ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಮನೆಗಳು, ಒಂದೆರಡು ಹೋಂಸ್ಟೇ, ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಾಲ್ಕು ಅಂಗಡಿ. ಕೊಟ್ಟು, ಎರಡು ನಿಮಿಷ ನಿಂತು, ಅವರ ಲೇಬಲ್ ನೋಡಿ ಬರುವುದು. ಕೆಲಸ ಕೊಡಿ ಅಂತ ಕೇಳಲಿಲ್ಲ. ನನಗೆ ಕೇಳಲು ನಾಚಿಕೆ, ಅದು ಬೇರೆ ವಿಷಯ.

ಮೊದಲ ಫೋನ್ ಬಂದಿದ್ದು ಪುನರ್ವಸು ಮಳೆಯಲ್ಲಿ, ಉಪ್ಪಿನಕಾಯಿ ಮನೆಯಿಂದ. ಭರಣಿಗೆ ಲೇಬಲ್ ಬೇಕಿತ್ತಂತೆ. ಕಾರ್ಡಿನಲ್ಲಿದ್ದ "ಅದೇ ದಪ್ಪ ಅಕ್ಷರ" ಆಗಬೇಕು ಅಂದರು. ನನ್ನ ಪೋರ್ಟ್‌ಫೋಲಿಯೋ ಅವರು ಇವತ್ತಿಗೂ ನೋಡಿಲ್ಲ.

ಇನ್ನೊಂದು ಮಾತು ಕೇಳುತ್ತಾರೆ: "ಹಸೆ ಚಿತ್ತಾರ ಹಾಕಿದ್ರೆ ಚಂದ ಕಾಣ್ತದೆ ಅಲ್ವಾ?" ಚಂದ ಕಾಣುತ್ತದೆ, ಸಂಶಯವೇ ಇಲ್ಲ. ಆದರೆ ಅದು ನಮ್ಮ ಕಡೆಯ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚ ಹಿಡಿದು ಎಳೆಯುವ ಗೆರೆ. ನೆಟ್ಟಿನಿಂದ ಇಳಿಸಿಕೊಂಡು ನಿಮ್ಮ ಲೋಗೋದ ಸುತ್ತ ಅಂಟಿಸಿದರೆ ಅದು ನಿಮ್ಮ ಕೈಕೆಲಸ ಹೇಗಾಗುತ್ತದೆ? ಬೇಕೇ ಬೇಕು ಅಂದರೆ ಬರೆಯುವವರ ಹತ್ತಿರ ಹೋಗಿ, ಅವರ ಕೈಯಲ್ಲೇ ಬರೆಸಿ, ದುಡ್ಡು ಕೊಡಿ, ಹೆಸರೂ ಹಾಕಿ. ಇದರಲ್ಲಿ ನಾನು ಸ್ವಲ್ಪ ಜಾಸ್ತಿನೇ ಖಾರ, ಗೊತ್ತು.

ಇನ್‌ಸ್ಟಾಗ್ರಾಂ ಬಿಡಿ ಅಂತ ನಾನು ಹೇಳುತ್ತಿಲ್ಲ. ಕೆತ್ತುವ ವಿಡಿಯೋ ಹಾಕಿ, ಜನ ನೋಡುತ್ತಾರೆ. ನಿಮ್ಮೂರಲ್ಲಿ ಮಳೆ ಕಾರ್ಡ್ ಬೇಡವಾಗಿರಬಹುದು. ಕೌಂಟರಿನ ಹತ್ತಿರ ಅರ್ಧ ಗಂಟೆ ನಿಂತು, ಜನ ಮತ್ತೆ ಮತ್ತೆ ಏನು ಕೇಳುತ್ತಾರೆ ಅಂತ ಕೇಳಿಸಿಕೊಳ್ಳಿ.

ಕಳೆದ ಮೇ ತಿಂಗಳಲ್ಲಿ ಆ ಔಷಧಿ ಅಂಗಡಿಗೆ ಹೋದಾಗ ಹಳೇ ಕಾರ್ಡ್ ಇನ್ನೂ ಮೊಳೆಯಲ್ಲೇ ಇತ್ತು. ಚೌಕದೊಳಗೆ ಬಾಲ್‌ಪೆನ್ನಿನಲ್ಲಿ ತಾರೀಖು, ಅಂಚಿಗೆ ಮೈಲುತುತ್ತದ ನೀಲಿ ಹೆಬ್ಬೆಟ್ಟು. "ಈ ವರ್ಷದ್ದು ಎಲ್ಲಿ?" ಅಂದರು. ಮನೆಯಲ್ಲಿ ಅರ್ಧ ಕೆತ್ತಿದ ಲಿನೋ ಇತ್ತು. ಆಶ್ಲೇಷದ 'ಶ್ಲೇ'ಯನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕೆತ್ತುವುದು ಮರೆತು, ಸರಿಯಾಗೇ ಕೆತ್ತಿಬಿಟ್ಟಿದ್ದೆ.